ಕುರ್ಚಿ ಬಸ್ಸು

ವಿಜಯನಗರದ ನಮ್ಮ ಮನೆಯಲ್ಲಿ ಊಟದ ಕುರ್ಚಿಗಳು ಸಾಲಾಗಿ ನಿಂತರೆ ಬಸ್ಸು ಹೊರಟಿತೆಂದೇ ಅರ್ಥ. ಮೂರೂವರೆ ವರ್ಷದ ಮೊಮ್ಮಗಳೇ ಕಂಡಕ್ಟರ್.

"ಎಲ್ಲಿಗೆ?"

"ಕೆಂಗೇರಿಗೆ ಒಂದು ಕೊಡಮ್ಮ."

"ಚಿಲ್ಲರೆ ಕೊಡಿ, ಒಳಗೆ ಹೋಗಿ!"

ಆಟದಾಚೆ ನನ್ನನ್ನು 'ನೀನು' ಅನ್ನುವವಳು ಪ್ರಯಾಣಿಕಳಿಗೆ ಮಾತ್ರ 'ಕೊಡಿ, ಹೋಗಿ' ಅನ್ನುತ್ತಾಳೆ. ಈ ಬಹುವಚನವನ್ನು ಯಾರೂ ಪಾಠ ಮಾಡಿದ್ದಲ್ಲ. "ಬಸ್ಸು ಬಂದ್ಲು" ಅಂದರೆ ತಿದ್ದಲು ಹೋಗುವುದಿಲ್ಲ. "ಓ, ಬಸ್ಸು ಬಂತಾ?" ಅನ್ನುತ್ತೇನೆ, ಅಷ್ಟೇ. ನಾಲ್ಕು ದಿನದಲ್ಲಿ ಅವಳ ಬಾಯಲ್ಲೂ 'ಬಂತು'.

ಕೋಲನ್ನೇ ಕುದುರೆ ಮಾಡಿಕೊಂಡ ಮಗು ಅರ್ಥವನ್ನು ವಸ್ತುವಿನಿಂದ ಬಿಡಿಸಲು ಕಲಿಯುತ್ತದೆ ಎಂದು ರಷ್ಯಾದ ಮನಶ್ಶಾಸ್ತ್ರಜ್ಞ ವೈಗಾಟ್‌ಸ್ಕಿ 1933ರಲ್ಲೇ ವಿವರಿಸಿದ್ದರು. ನಮ್ಮಲ್ಲಿ ಹಳೇ ಕರೆಂಟ್ ಬಿಲ್ಲೇ ಟಿಕೆಟ್ಟು.

ನಿನ್ನೆ ಕುರ್ಚಿಯಲ್ಲೇ ತೂಕಡಿಸಿದೆ. ಕಂಡಕ್ಟರ್ ತೋಳು ಅಲುಗಿಸಿದಳು: "ಅಜ್ಜಿ, ಕೆಂಗೇರಿ ಬಂತು, ಇಳೀರಿ!"