ಬೆಟ್ಟ ಕೊಟ್ಟದ್ದು, ದಾರಿ ಕೊಟ್ಟದ್ದು

ಗ್ರೀಸ್ ದೇಶದ ದಕ್ಷಿಣಕ್ಕೆ ತೈಗೆಟಸ್ ಎಂಬ ಪರ್ವತಸಾಲು. ಅದರ ಮಗ್ಗುಲಿನಲ್ಲಿ ಮಿಸ್ತ್ರಾಸ್ ಎಂಬ ಊರು. 1249ರಲ್ಲಿ ಅಲ್ಲಿ ಕೋಟೆ ಎದ್ದಿತು, ಆಮೇಲೆ ಬೈಜಾಂಟಿಯಂ ರಾಜವಂಶದವರು ಅಲ್ಲಿಂದಲೇ ನಾಡಾಳಿದರು. 1834ರಲ್ಲಿ ಒಟ್ಟೊ ದೊರೆ ಕೆಳಗಿನ ಬಯಲಲ್ಲಿ ಸ್ಪಾರ್ಟಾವನ್ನು ಹೊಸದಾಗಿ ಕಟ್ಟಿಸಿದ ಮೇಲೆ ಜನ ಬೆಟ್ಟ ಬಿಟ್ಟು ಇಳಿದರು. ಇದಕ್ಕೆ ಮೂರು ದಶಕ ಮೊದಲೇ ನಮ್ಮ ಮಾಗಡಿ–ರಾಮನಗರದ ಸೀಮೆಯಲ್ಲಿ ಬೆಟ್ಟದ ಕಾಲ ಮುಗಿದು ಬಯಲಿನ ಕಾಲ ಶುರುವಾಗಿತ್ತು. ಈ ಸೀಮೆಯ ಹೆಗ್ಗಳಿಕೆ ಹೇಳುವವರು ಬಂಡೆಯಿಂದಲೇ ಮಾತು ಎತ್ತುತ್ತಾರೆ. ಅದು ಸಹಜ, ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲು ಕಣ್ಣೆದುರು ನಿಂತಿರುವಾಗ ಬೇರೇನು ಕಂಡೀತು? ಆದರೆ ಇಲ್ಲಿನ ಊರುಗಳ ಚರಿತ್ರೆ ಓದಿದರೆ ತೋರುವುದು ಬೇರೆ. ಬೆಟ್ಟ ಕೊಟ್ಟದ್ದು ಆಸರೆ ಮಾತ್ರ. ಊರು ಕಟ್ಟಿದ್ದು ದಾರಿ.

ಸಾವನದುರ್ಗವನ್ನೇ ನೋಡಿ. ಸಮುದ್ರಮಟ್ಟದಿಂದ 1226 ಮೀಟರ್ ಎತ್ತರ, ಕರಿಗುಡ್ಡ ಬಿಳಿಗುಡ್ಡವೆಂಬ ಎರಡು ನೆತ್ತಿ, ಹಿಂದೆ ಸುತ್ತ ಬಿದಿರಿನ ದಟ್ಟ ಕಾಡು. 1638ರಲ್ಲಿ ವಿಜಾಪುರದ ರಣದುಲ್ಲಾ ಖಾನನಿಗೆ ಬೆಂಗಳೂರು ಬಿಟ್ಟುಕೊಟ್ಟ ಕೆಂಪೇಗೌಡರ ವಂಶಕ್ಕೆ ಮಾಗಡಿ ರಾಜಧಾನಿಯಾಯಿತು, ಈ ದುರ್ಗ ಬೆನ್ನಿಗೆ ನಿಂತಿತು. 1728ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯ ಮಾಗಡಿಯನ್ನು ಹಿಡಿದ. ಆ ವಂಶದ ಕೊನೆಯ ಗೌಡ ಶ್ರೀರಂಗಪಟ್ಟಣದ ಸೆರೆಯಲ್ಲಿ ತೀರಿಕೊಂಡ. ಆಮೇಲೆ ಸಾವನದುರ್ಗ ಸೆರೆಮನೆಯಾಗಿಯೂ ಬಳಕೆಯಾಯಿತು. ಕನಕಪುರದ ಕಡೆಯ ಕಬ್ಬಾಳುದುರ್ಗದ ಹೆಸರೂ ಸೆರೆಮನೆಯಾಗಿಯೇ ಕುಖ್ಯಾತ. ಹಗೆಯನ್ನು ಹೊರಗಿಡಬಲ್ಲ ಬಂಡೆ ಸೆರೆಯಾಳನ್ನು ಒಳಗಿಡಲೂ ಬಲ್ಲದು. ಎರಡರಿಂದಲೂ ಸಂತೆ ಕಟ್ಟುವುದಿಲ್ಲ.

ದುರ್ಗದ ಬೆಲೆಯೂ ದಾರಿಯಿಂದಲೇ ಬಂದದ್ದೆಂಬುದಕ್ಕೆ 1791 ಸಾಕ್ಷಿ. ಆ ವರ್ಷ ಮೇ ತಿಂಗಳಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಕನಕಪುರದ ದಾರಿ ಹಿಡಿದು ಶ್ರೀರಂಗಪಟ್ಟಣದತ್ತ ಸಾಗಿದ. ಆಗ ಅದು ಕಾನಕಾನಹಳ್ಳಿ. ಟಿಪ್ಪು ಆ ದಾರಿಯುದ್ದಕ್ಕೂ ಕಾಳು ಮೇವು ಸಿಗದಂತೆ ಮಾಡಿದ್ದ. ಎತ್ತುಗಳು ಸತ್ತವು, ಮುತ್ತಿಗೆಯ ಫಿರಂಗಿಗಳನ್ನು ತಾನೇ ಒಡೆದುಹಾಕಿ ಕಾರ್ನ್‌ವಾಲಿಸ್ ಹಿಂದಿರುಗಬೇಕಾಯಿತು. ಯಾವ ಗಿರಿದುರ್ಗವೂ ತಡೆಯದ ಸೈನ್ಯವನ್ನು ಬರಿದಾದ ದಾರಿ ತಡೆದಿತ್ತು. ಮುಂದಿನ ದಂಡಯಾತ್ರೆಗೆ ಮೊದಲು ಬೆಂಗಳೂರಿನಿಂದ ದವಸ ಬರುವ ಹಾದಿಯನ್ನು ಕಾಪಾಡಿಕೊಳ್ಳಲೇಬೇಕಿತ್ತು. ಅದಕ್ಕೇ ಸಾವನದುರ್ಗದ ಮೇಲೆ ಕಣ್ಣು ಬಿತ್ತು. ಡಿಸೆಂಬರ್ 10ರ ಸುಮಾರಿಗೆ ಕರ್ನಲ್ ಸ್ಟುವರ್ಟನ ಪಡೆ ಮುತ್ತಿಗೆ ಹಾಕಿತು, 21ರಂದು ಕೋಟೆ ಬಿತ್ತು. ಯಾರೂ ಹತ್ತಲಾರರೆಂಬ ಹೆಸರಿದ್ದ ದುರ್ಗ ಎರಡು ವಾರವೂ ನಿಲ್ಲಲಿಲ್ಲ. ರಾಮಗಿರಿ, ಹುತ್ರಿದುರ್ಗಗಳೂ ಅದರ ಬೆನ್ನಿಗೇ ಟಿಪ್ಪುವಿನ ಕೈತಪ್ಪಿದವು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನ ಬ್ರಿಟಿಷ್ ರೆಸಿಡೆಂಟ್ ಆಗಿದ್ದವನು ಬ್ಯಾರಿ ಕ್ಲೋಸ್. ಅವನ ಹೆಸರಿನಲ್ಲಿ ಕ್ಲೋಸ್‌ಪೇಟೆ ಎದ್ದದ್ದು ರಾಮದೇವರಬೆಟ್ಟದ ಮೇಲಲ್ಲ. ಅರ್ಕಾವತಿಯ ಬಳಿ, ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ. ಕಾಡು ಕವಿದ ಹಾದಿಯಲ್ಲಿ ಜನ ನೆಲೆಸಲೆಂದು ಕಟ್ಟಿದ ಪೇಟೆ ಅದು, ಇಂದಿನ ರಾಮನಗರ. ಅದೇ ದಾರಿಯ ಚನ್ನಪಟ್ಟಣವನ್ನು 1800ರಲ್ಲಿ ಕಂಡ ಪ್ರವಾಸಿ ಫ್ರಾನ್ಸಿಸ್ ಬುಕಾನನ್, ಅಲ್ಲಿನ ಗಾಜಿನ ಸಾಮಾನು, ಸಕ್ಕರೆ, ವಾದ್ಯಗಳ ಉಕ್ಕಿನ ತಂತಿ ಇವನ್ನು ಬರೆದಿಟ್ಟಿದ್ದಾನೆ. ಆ ತಂತಿ ದೂರದ ನಾಡುಗಳಿಗೂ ಹೋಗುತ್ತಿತ್ತಂತೆ. ಹೊರಗಿನ ಗಿರಾಕಿಯಿಲ್ಲದೆ ಇಂಥ ಕಸುಬು ಬೆಳೆಯದು. ಬಣ್ಣದ ಗೊಂಬೆಯ ಮಾತೂ ಅಷ್ಟೇ. 1882ರ ಹೊತ್ತಿಗೆ ಮೈಸೂರು ಮುಟ್ಟಿದ ರೈಲು ಹಿಡಿದದ್ದೂ ಈ ಎರಡು ಊರುಗಳ ದಾರಿಯನ್ನೇ. ಮಾಗಡಿ, ಕನಕಪುರಗಳಿಗೆ ಆ ಭಾಗ್ಯ ಬರಲಿಲ್ಲ.

ಇದಕ್ಕೆ ಆಕ್ಷೇಪಗಳಿಲ್ಲದೆ ಇಲ್ಲ. ಹೆದ್ದಾರಿಯ ಹಂಗಿಲ್ಲದೆ ಮಾಗಡಿ ತೊಂಬತ್ತು ವರ್ಷ ಮೆರೆಯಲಿಲ್ಲವೇ, ಸೋಮೇಶ್ವರನ ಗುಡಿ ಎದ್ದದ್ದು ಆಗಲ್ಲವೇ ಎಂದು ಕೇಳಬಹುದು. ಮೆರೆಯಿತು, ಅರಮನೆಯ ಖರ್ಚಿನಲ್ಲಿ. ಅರಸು ಹೋದೊಡನೆ ಆ ಮೆರವಣಿಗೆಯೂ ನಿಂತಿತು. ಇನ್ನು ಈ ಸೀಮೆಗೆ ರೇಷ್ಮೆ ಬಂದದ್ದು ಮಣ್ಣು ಹವೆಯಿಂದ, ರಸ್ತೆಯಿಂದಲ್ಲ ಎನ್ನುವವರದ್ದು ಗಟ್ಟಿ ವಾದ. ಹಿಪ್ಪುನೇರಳೆಗೆ ಈ ನೆಲ ಒಗ್ಗುತ್ತದೆ, ನಿಜ. ಆದರೆ ಅದು ಕನಕಪುರದಲ್ಲೂ ಮಾಗಡಿಯಲ್ಲೂ ಒಗ್ಗುತ್ತದೆ. ಏಷ್ಯಾಕ್ಕೇ ದೊಡ್ಡದೆಂದು ಹೆಸರಾದ ಗೂಡಿನ ಮಾರುಕಟ್ಟೆ ಬೆಳೆದದ್ದು ಮಾತ್ರ ರೈತನೂ ನೂಲು ಬಿಚ್ಚುವವನೂ ಸುಲಭವಾಗಿ ಬಂದು ಸೇರುವ ರಾಮನಗರದಲ್ಲಿ. ಹಾಗಾದರೆ 1975ರ 'ಶೋಲೆ'? ಆ ಸಿನಿಮಾ ರಾಮನಗರದ ಬೆಟ್ಟವನ್ನು ನೆಚ್ಚಿಯೇ ಬಂದಿತು, ಒಪ್ಪೋಣ. ಆದರೆ ಗಬ್ಬರ್‌ಸಿಂಗನ ಬಂಡೆಗಳ ನಡುವೆ ಕ್ಯಾಮರಾ ಇಡುವ ಮುನ್ನ ಚಿತ್ರತಂಡ ಮಾಡಿದ ಕೆಲಸ, ಹೆದ್ದಾರಿಯಿಂದ ಸೆಟ್ಟಿನವರೆಗೆ ರಸ್ತೆ ಹಾಕಿಸಿದ್ದು!

ದಾರಿ ಕಟ್ಟಿದ ಊರಿಗೆ ದಾರಿಯ ಭಯವೂ ಇರುತ್ತದೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ರಾಮನಗರ, ಚನ್ನಪಟ್ಟಣಗಳ ಪೇಟೆಯನ್ನು ಬಳಸಿಕೊಂಡು ಹೊರಗಿನಿಂದಲೇ ಹಾದುಹೋಗುತ್ತದೆ. ಹಳೆಯ ರಸ್ತೆಬದಿಯಲ್ಲಿ ಗೊಂಬೆ ಜೋಡಿಸಿಟ್ಟು ಕಾರು ನಿಲ್ಲುವುದನ್ನು ಕಾಯುತ್ತಿದ್ದ ಅಂಗಡಿಗಳ ವ್ಯಾಪಾರಕ್ಕೆ ಅದರಿಂದ ಪೆಟ್ಟು ಬಿತ್ತು. ಮಾಗಡಿಯಿಂದ ಅರಮನೆ ಹೋದಂತೆ ಇಲ್ಲಿಂದ ಗಿರಾಕಿ ಹೋಗುತ್ತಾನೋ, ಹೊಸ ದಾರಿಯಿಂದ ಪೇಟೆಗೆ ಇಳಿಯುವ ಕವಲುಗಳಲ್ಲಿ ಇನ್ನೊಂದು ವ್ಯಾಪಾರ ಹುಟ್ಟುತ್ತದೋ, ಅದನ್ನು ಮುಂದಿನ ವರ್ಷಗಳ ಲೆಕ್ಕಪುಸ್ತಕ ಹೇಳಬೇಕು.