ಚಪ್ಪರದ ಹೊರಗೆ
(ಬಾನುಲಿ ಭಾಷಣ)

ಹೊಂಗೆಯ ಮರಗಳು ಚಿಗುರಿ, ಬೀದಿಯ ತಿರುವುಗಳಲ್ಲಿ ಚಪ್ಪರದ ಗಳುಗಳು ಮೇಲೇಳತೊಡಗಿದವೆಂದರೆ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ಜನಕ್ಕೆ ರಾಮನವಮಿ ಹತ್ತಿರ ಬಂತೆಂದು ಬೇರೆ ಯಾರೂ ಹೇಳಬೇಕಾಗಿಲ್ಲ. ಹಳೆಯ ಬೆಂಗಳೂರಿನ ಸಂಗೀತ ಬಹುಮಟ್ಟಿಗೆ ಬಡಾವಣೆಯ ಜನರ ಚಂದಾಹಣವನ್ನೇ ನೆಚ್ಚಿಕೊಂಡು ಬೆಳೆಯಿತು. ಬೆಂಗಳೂರು ಗಾಯನ ಸಮಾಜ ಹುಟ್ಟಿದ್ದು 1905ರಲ್ಲಿ. ಚಾಮರಾಜಪೇಟೆಯ ಶ್ರೀರಾಮಸೇವಾ ಮಂಡಳಿಯನ್ನು ಎಸ್. ವಿ. ನಾರಾಯಣಸ್ವಾಮಿ ರಾಯರು 1939ರಲ್ಲಿ, ತಾವಿನ್ನೂ ಎಳೆಯರಾಗಿದ್ದಾಗಲೇ ಆರಂಭಿಸಿದರು. ಕೋಟೆ ಪ್ರೌಢಶಾಲೆಯ ಮೈದಾನದ ಅದರ ಚಪ್ಪರದಲ್ಲಿ ಚೆಂಬೈ ಅವರೂ ಎಂ. ಎಸ್. ಸುಬ್ಬುಲಕ್ಷ್ಮಿಯವರೂ ಹಾಡಿದಾಗ, ಟಿಕೆಟ್ಟು ಕೊಂಡವರು ಒಳಗೆ ಕುಳಿತು ಕೇಳಿದರೆ, ಕೊಳ್ಳಲಾರದವರು ರಸ್ತೆಯ ಬದಿಯಲ್ಲಿ ಕುಳಿತು ಕೇಳಿದರು.

ಆ ರಸ್ತೆಯ ಬದಿಯವರ ವಿಷಯವಾಗಿ ನಾನು ಕಲಿತ ಒಂದು ಪಾಠವನ್ನು ಇಂದು ತಮ್ಮ ಮುಂದೆ ಒಪ್ಪಿಸಬೇಕೆಂದಿದ್ದೇನೆ.

ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ, ದೇಶದ 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಆರಂಭವಾಯಿತು. ವಿದ್ಯಾರ್ಥಿಗಳು ಪುಸ್ತಕ ಬಿಟ್ಟು ಸ್ವಲ್ಪ ಹೊರಗೂ ದುಡಿಯಬೇಕೆಂಬ ಗಾಳಿ ಎಲ್ಲ ಕಡೆಯೂ ಬೀಸುತ್ತಿದ್ದ ಕಾಲ ಅದು. 1972ರ ರಾಮನವಮಿಗೆ ನಮ್ಮ ಅಧ್ಯಾಪಕರೊಬ್ಬರು ನನ್ನನ್ನೂ ನಾಲ್ವರು ಸಹಪಾಠಿಗಳನ್ನೂ ಬಸವನಗುಡಿಯ ಒಂದು ಪುಟ್ಟ ಸಂಗೀತ ಸಭೆಗೆ ಒಂದು ವಾರದ ಮಟ್ಟಿಗೆ ಒಪ್ಪಿಸಿದರು. "ಪರೀಕ್ಷೆ ತಲೆಯ ಮೇಲಿದೆ, ಇವನು ಜಮಖಾನ ಹಾಸಲು ಹೊರಟ" ಎಂದು ತಂದೆಯವರು ಗೊಣಗಿದರು.

ಜಮಖಾನ ಹಾಸಿದ್ದು ನಿಜ. ಮೈದಾಹಿಟ್ಟಿನ ಅಂಟು ಕಾಯಿಸಿ ಗೋಡೆಗಳಿಗೆ ಕಾರ್ಯಕ್ರಮದ ಪಟ್ಟಿ ಹಚ್ಚಿದೆವು. ಪಾನಕಕ್ಕೆ ಬೆಲ್ಲ ಕುಟ್ಟಿದೆವು. ಕೋಸಂಬರಿಗೆ ಹೆಸರುಬೇಳೆ ನೆನೆಹಾಕಿದೆವು. ಅಕ್ಷರ ದುಂಡಗಿದೆಯೆಂದು ಕಾರ್ಯದರ್ಶಿಗಳು ನನಗೆ ಚಂದಾ ಪುಸ್ತಕವನ್ನು ಕೊಟ್ಟರು. ಹಾಳೆ ಹಾಳೆಗಳಲ್ಲಿ ಚದುರಿದ್ದ ಹೆಸರುಗಳನ್ನು ನಾನು ಅದರಲ್ಲಿ ಕ್ರಮವಾಗಿ ಬರೆದೆ. ವಕೀಲರೊಬ್ಬರು ನೂರು ರೂಪಾಯಿ, ಗಾಂಧಿಬಜಾರಿನ ಹೂವಿನವಳು ಎಂಟಾಣೆ, ಹೀಗೆ. ಹತ್ತು ರೂಪಾಯಿಗೆ ಮೇಲ್ಪಟ್ಟು ಕೊಟ್ಟವರಿಗೆ ಪ್ರವೇಶಪತ್ರವಿತ್ತು. ಕೆಳಗಿನವರಿಗೆ ರಶೀದಿ ಮಾತ್ರ.

ನಾಲ್ಕನೆಯ ಸಂಜೆ ನನ್ನ ಅಂಗಿಗೆ ರೇಷ್ಮೆಯ ಬಿಲ್ಲೆ ಚುಚ್ಚಿ ಬಾಗಿಲಲ್ಲಿ ನಿಲ್ಲಿಸಿದರು. ಹದಿನೆಂಟರ ಹುಡುಗನಿಗೆ ಬಿಲ್ಲೆಯೊಂದು ದೊರೆತರೆ ಕೇಳಬೇಕೆ! ಮಾಸಿದ ಖಾಕಿ ಅಂಗಿಯ ಮುದುಕರೊಬ್ಬರು ಬಂದು, "ಮೂಲೇಲಿ ನಿಂತು ಒಂದು ಕೀರ್ತನೆ ಕೇಳ್ಕೊಂಡು ಹೋಗ್ತೀನಿ ಸ್ವಾಮಿ" ಎಂದರು. ಒಳಗೆ ಹಿಂದಿನ ಮೂರು ಸಾಲು ಖಾಲಿಯಿತ್ತು. ನಾನು ಅದನ್ನು ಕಂಡೂ, "ಪಾಸು ಇಲ್ಲದೆ ಬಿಡೋಹಾಗಿಲ್ಲ" ಎಂದೆ. ಅವರು ವಾದಿಸಲಿಲ್ಲ. ಎದುರಿನ ಮನೆಯ ಜಗಲಿಯ ಕೆಳಗೆ ಕುಳಿತು, ಮೊಣಕಾಲಿನ ಮೇಲೆ ಬೆರಳಿಂದ ತಾಳ ಹಾಕತೊಡಗಿದರು.

ಕಾರ್ಯದರ್ಶಿಗಳು ಅದನ್ನು ನೋಡಿದ್ದರೆಂದು ನನಗೆ ತಿಳಿಯದು. ಕಛೇರಿ ಮುಗಿದ ಮೇಲೆ ಚಂದಾ ಪುಸ್ತಕವನ್ನು ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟು, "ಇದು ಯಾರ ಅಕ್ಷರವಪ್ಪಾ?" ಎಂದರು. ನನ್ನದೇ. ಒಬ್ಬ ಗಿರಣಿ ಕಾರ್ಮಿಕರ ಹೆಸರು. ಮುಂದೆ, ಒಂದು ರೂಪಾಯಿ. "ನೀನು ಹೊರಗೆ ಕೂರಿಸಿದ್ದು ಇವರನ್ನೇ. ಪ್ರತಿವರ್ಷವೂ ತಾವಾಗಿ ಬಂದು ಕೊಟ್ಟುಹೋಗುತ್ತಾರೆ. ಹತ್ತು ರೂಪಾಯಿಯ ನಿಯಮ ನಾವು ಮಾಡಿದ್ದು; ಅದರಲ್ಲಿ ತಪ್ಪು ನಮ್ಮದೂ ಇದೆ" ಎಂದಷ್ಟೇ ಹೇಳಿ ದೀಪ ಆರಿಸಿದರು. ಗದರಿದ್ದರೆ ಹಗುರವಾಗುತ್ತಿತ್ತು.

ಮರುದಿನ ನಾವು ಶಾಲೆಯೊಂದರಿಂದ ನಾಲ್ಕು ಬೆಂಚು ಹೊತ್ತು ತಂದು ಪಾದಚಾರಿ ಮಾರ್ಗದಲ್ಲಿ ಹಾಕಿದೆವು. ಒಂದು ಧ್ವನಿವರ್ಧಕವನ್ನು ರಸ್ತೆಯ ಕಡೆಗೆ ತಿರುಗಿಸಿದೆವು. ಮುದುಕರು ಬಂದರು. "ಒಳಗೆ ಬನ್ನಿ" ಎಂದೆ. "ಇಲ್ಲೇ ಗಾಳಿ ಚೆನ್ನಾಗಿದೆ" ಎಂದರು. ಪಾನಕದ ಲೋಟ ಕೊಟ್ಟಾಗ ಎರಡು ಕೈಯಲ್ಲೂ ತೆಗೆದುಕೊಂಡರು. ಕ್ಷಮೆ ಕೇಳಬೇಕೆಂಬ ಮಾತು ನಾಲಿಗೆಯ ತುದಿಯವರೆಗೆ ಬಂದು ಅಲ್ಲಿಯೇ ನಿಂತಿತು. ವಾರ ಮುಗಿಯಿತು, ಪರೀಕ್ಷೆ ಬಂತು, ಆ ಮಾತನ್ನು ಆಡುವ ಸಂದರ್ಭ ಮತ್ತೆ ಒದಗಲಿಲ್ಲ.

ಇಂದು ನಾನೇ ಅಂಥದೊಂದು ಸಭೆಯ ಸಮಿತಿಯಲ್ಲಿದ್ದೇನೆ. ಕಾಲೇಜಿನ ಮಕ್ಕಳು ಇಂಟರ್ನ್‌ಶಿಪ್ಪಿಗೆಂದು, ಪ್ರಮಾಣಪತ್ರಕ್ಕೆಂದು ಬರುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ನಾವೂ ಹಾಜರಿಗಾಗಿಯೇ ಹೋಗಿದ್ದೆವು. ಅವರು ಕಛೇರಿಯನ್ನು ಮೊಬೈಲಿನಲ್ಲಿ ಬಿತ್ತರಿಸಬಲ್ಲರು. ಜಮಖಾನದ ಮಡಿಕೆ ಬಿಡಿಸುವುದನ್ನು ಮಾತ್ರ ತೋರಿಸಿಕೊಡಬೇಕು. ಮೊದಲ ದಿನ ನಾನು ಅವರ ಕೈಗೆ ಚಂದಾ ಪುಸ್ತಕವನ್ನು ಕೊಟ್ಟು, ಕಡಿಮೆ ಕೊಟ್ಟವರ ಹೆಸರುಗಳನ್ನು ಗಟ್ಟಿಯಾಗಿ ಓದಿಸುತ್ತೇನೆ. ಏಕೆಂದು ಕೆಲವರು ಕೇಳುತ್ತಾರೆ. ಸಂಜೆ ಬಾಗಿಲಲ್ಲಿ ನಿಂತಾಗ ತಿಳಿಯುತ್ತದೆ ಎನ್ನುತ್ತೇನೆ.

ನಮ್ಮ ಬಾಗಿಲಲ್ಲಿ ಈಗ ಬಿಲ್ಲೆಯಿಲ್ಲ. ಹೊರಗಿನ ಬೆಂಚುಗಳು ಮಾತ್ರ ಇವೆ.