ಸಂಶೋಧನೆ ಯಾರ ಗದ್ದೆಗೆ?
(ಕೆಮ್ಮಣ್ಣಿನ ಸಭೆಯಲ್ಲಿ ಮಾಡಿದ ಭಾಷಣ)



1974ರ ಭೂಸುಧಾರಣಾ ತಿದ್ದುಪಡಿ ಗೇಣಿದಾರನಿಗೆ ಗದ್ದೆ ಕೊಟ್ಟಿತು. ಆದರೆ ಸ್ವರ್ಣಾ ನದಿಯ ನೆರೆಗೂ ಉಪ್ಪುನೀರಿಗೂ ಬೆಳೆ ಸೋತರೆ ಆ ಗದ್ದೆ ಹಡಿಲು ಬೀಳುತ್ತದೆ. ಗದ್ದೆ ಹಡಿಲು ಬಿದ್ದರೆ ಅಕ್ಕಿ ಗಿರಣಿಯ ಕೂಲಿಯೂ ಅಂಗಡಿಯ ವ್ಯಾಪಾರವೂ ಕುಗ್ಗುತ್ತವೆ.

ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರ ನೆರೆ ತಾಳುವ ಕೆಂಪಕ್ಕಿಯ ‘ಸಹ್ಯಾದ್ರಿ ಪಂಚಮುಖಿ’ ತಳಿಯನ್ನು ಕೊಟ್ಟಿದೆ. ಕುಮಟೆಯ ಅಘನಾಶಿನಿ ಗಜನಿಯಲ್ಲಿ ಬಡ ರೈತರೇ ಉಳಿಸಿಕೊಂಡು ಬಂದ ಕಗ್ಗ ಭತ್ತ ಉಪ್ಪನ್ನು ತಾಳುತ್ತದೆ. ಈ ಎರಡೂ ಗುಣಗಳಿರುವ, ಒಳ್ಳೆಯ ಇಳುವರಿಯ ಕುಚ್ಚಲಕ್ಕಿಯ ಬೀಜ ನಮಗೆ ಬೇಕು. ಸಂಶೋಧನೆಯ ಹಣ ಮೊದಲು ಅದಕ್ಕೆ ಸಲ್ಲಲಿ. ಪರೀಕ್ಷೆ ನಮ್ಮ ಬೈಲು ಗದ್ದೆಯಲ್ಲೇ ನಡೆಯಲಿ. ಯಾವ ಕೆಲಸ ಮೊದಲು ಎಂಬ ತೀರ್ಮಾನದಲ್ಲಿ ಉಳುವವನಿಗೂ ನೇಜಿ ನೆಡುವವಳಿಗೂ ಮಾತಿರಲಿ.

ಇದು ನಮ್ಮ ಬೇಡಿಕೆ.